ಬಲಗೈ ಬೀಜ, ಎಡಗೈ ಬೀಜ

ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇದೆ. ಅದರ ತುಂಬ ಹುಣಸೆಬೀಜ. ಚೌಕಾಬಾರಕ್ಕೆ ಉಜ್ಜುತ್ತೇವಲ್ಲ, ಹಾಗೆ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ತೇಯ್ದು ಬೆಳ್ಳಗೆ ಮಾಡಿದ ಬೀಜಗಳು. ಮೊದಲು 64 ಇದ್ದವು, ಈಗ 62. ಉಳಿದೆರಡನ್ನು ಯಾರೋ ಹುಡುಗರು ಜೇಬಿಗಿಳಿಸಿಕೊಂಡು ಹೋದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಹೇಳಿಕೊಂಡು ಇಪ್ಪತ್ತೇಳು ವರ್ಷ ಕಳೆದೆ. ಅಷ್ಟೂ ವರ್ಷಗಳಲ್ಲಿ ನಾನು ಬಳಸಿದ ಅತ್ಯಂತ ಅಗ್ಗದ ಕಂಪ್ಯೂಟರು ಈ ಬಾಟಲಿ.

ಆಟ ಹೀಗೆ. ಕ್ಲಾಸಿನ ಪ್ರತಿಯೊಬ್ಬರ ಕೈಗೂ ಒಂದೊಂದು ಬೀಜ. ಟೂರಿಗೆ ಹಂಪಿ ಬೇಕೆನ್ನುವವರು ಕಪ್ಪು ಮಗ್ಗುಲು ಮೇಲೆ ಮಾಡಿ ಹಿಡಿಯಬೇಕು, ಆಗುಂಬೆ ಬೇಕೆನ್ನುವವರು ಬಿಳಿ ಮಗ್ಗುಲು. ಶುರುವಿನಲ್ಲಿ ಎಲ್ಲರ ಬೀಜವೂ ಬಲಗೈಯಲ್ಲಿ. ಬೆಂಚುಗಳನ್ನು ಗೋಡೆಗೆ ಸರಿಸಿ, ಮನಸ್ಸಿಗೆ ಬಂದತ್ತ ಅಡ್ಡಾಡಬೇಕು. ಮಾತಿಲ್ಲ, ಹೆಸರಿಲ್ಲ, ಕೈಯೆತ್ತಿ ಎಣಿಸುವಂತಿಲ್ಲ. ಎದುರಾದವರ ಬೀಜ ನೋಡಿ ಎರಡೇ ನಿಯಮ ಪಾಲಿಸಬೇಕು. ಇಬ್ಬರದೂ ಬಲಗೈ, ಬಣ್ಣ ಮಾತ್ರ ಬೇರೆ ಎಂದರೆ ಇಬ್ಬರೂ ಬೀಜವನ್ನು ಎಡಗೈಗೆ ದಾಟಿಸಬೇಕು. ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ ಎಂದರೆ ಎಡಗೈಯವರು ತಮ್ಮ ಬೀಜವನ್ನು ಬಲಗೈಯವರ ಬಣ್ಣಕ್ಕೆ ತಿರುಗಿಸಿಕೊಳ್ಳಬೇಕು. ಮಿಕ್ಕಂತೆ ಸುಮ್ಮನೆ ಮುಂದೆ ನಡೆಯಬೇಕು. ಬಲಗೈಯಲ್ಲಿರುವುದು ಬಲವುಳ್ಳ ಮತ, ಎಡಗೈಯಲ್ಲಿರುವುದು ಎರವಲು ಮತ ಎಂದು ನಾನು ವಿವರಿಸುತ್ತಿದ್ದೆ. ಹಂಪಿಯ ಒಂದು ಮತವೂ ಆಗುಂಬೆಯ ಒಂದು ಮತವೂ ಪರಸ್ಪರ ವಜಾ ಆಗುತ್ತ ಹೋಗಿ, ಕೊನೆಗೆ ಯಾವ ಬಣ್ಣ ಹೆಚ್ಚಿತ್ತೋ ಅದರ ಬಲಗೈಗಳು ಮಾತ್ರ ಉಳಿಯುತ್ತವೆ. ಅವು ಎಲ್ಲ ಎಡಗೈಗಳನ್ನೂ ತಮ್ಮ ಬಣ್ಣಕ್ಕೆ ತರುತ್ತವೆ. ಯಾರೂ ಎಣಿಸದೆ ಇಡೀ ಕ್ಲಾಸು ಎಣಿಕೆ ಮುಗಿಸಿರುತ್ತದೆ.

2008ರಲ್ಲಿ ಮೊದಲ ಸಲ ಇದನ್ನು ಆಡಿಸಿದೆ. ಕ್ಲಾಸಿನಲ್ಲಿ 58 ಜನ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧ ಕ್ಲಾಸು ಕಪ್ಪು, ಅರ್ಧ ಬಿಳಿ. ಹುಡುಗರು ತಿರುಗುತ್ತಲೇ ಇದ್ದಾರೆ, ಯಾರ ಬೀಜವೂ ಮಗುಚುತ್ತಿಲ್ಲ. ಬಾಗಿಲಲ್ಲಿ ಇಣುಕಿದ ಸಹೋದ್ಯೋಗಿಯೊಬ್ಬರು “ಏನ್ ಮೇಡಂ, ಮ್ಯೂಸಿಕಲ್ ಚೇರಾ?” ಎಂದು ಕೇಳಿ ಹೋದರು. ಬೆಲ್ ಹೊಡೆದ ಮೇಲೆ ಲೆಕ್ಕ ಹಾಕಿದರೆ ಶುರುವಿನಲ್ಲಿ ಹಂಪಿಗೆ 29, ಆಗುಂಬೆಗೆ 29. ಸರಿಸಮ! ಎಲ್ಲ ಬಲಗೈಗಳೂ ಒಂದಕ್ಕೊಂದು ವಜಾ ಆಗಿ, ಉಳಿದವರೆಲ್ಲ ಎರವಲಿನವರೇ. ಎರವಲಿನವರು ಇನ್ನೊಬ್ಬ ಎರವಲಿನವರನ್ನು ಒಪ್ಪಿಸುವುದು ಹೇಗೆ?

ಮರುದಿನ ಮೂರನೆಯ ನಿಯಮವೊಂದನ್ನು ಸೇರಿಸಿದೆ: ಬಣ್ಣ ಬೇರೆಯಾದ ಎರಡು ಎಡಗೈ ಎದುರಾದರೆ ಇಬ್ಬರೂ ಬಿಳಿ. ಸಮವಾದರೆ ಆಗುಂಬೆ ಎಂದು ಮೊದಲೇ ತೀರ್ಮಾನಿಸಿದ ಹಾಗೆ. ಸಮ ಬಂದಾಗ ಅದು ಸರಿಯಾಗಿ ನಡೆಯಿತು. ಆದರೆ 59 ಜನ ಬಂದ ದಿನ ಹಂಪಿಗೆ 30, ಆಗುಂಬೆಗೆ 29 ಬಿತ್ತು. ಕೊನೆಗೆ ಬಲಗೈಯಲ್ಲಿ ಕಪ್ಪು ಬೀಜ ಉಳಿದದ್ದು ಒಬ್ಬಳೇ ಹುಡುಗಿಯ ಹತ್ತಿರ. ಪಾಪ, ಆಕೆ ಒಬ್ಬೊಬ್ಬರನ್ನೇ ಕಪ್ಪಾಗಿಸುತ್ತ ಮುಂದೆ ಹೋದರೆ, ಅವಳ ಬೆನ್ನ ಹಿಂದೆಯೇ ಎಡಗೈಯವರು ಒಬ್ಬರನ್ನೊಬ್ಬರು ಸಂಧಿಸಿ ಮತ್ತೆ ಬಿಳಿಯಾಗುತ್ತಿದ್ದರು. ಒಂದಲ್ಲ ಒಂದು ದಿನ ಅವಳೇ ಗೆಲ್ಲುತ್ತಾಳೆ ಎನ್ನುತ್ತದೆ ಸಿದ್ಧಾಂತ. ಆ ದಿನ ಬರುವವರೆಗೆ ಕ್ಲಾಸು ಬಿಡದಿದ್ದರೆ ಕ್ಯಾಂಟೀನಿನವನು ಸುಮ್ಮನಿರುತ್ತಿರಲಿಲ್ಲ.

ಅವತ್ತು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮೇಡಂ, ಲೆಕ್ಕ ಮುಗೀತು ಅಂತ ನಮ್ಮಲ್ಲಿ ಯಾರಿಗೆ ಗೊತ್ತಾಗತ್ತೆ?” ಯಾರಿಗೂ ಇಲ್ಲ. ಉತ್ತರ ಎಲ್ಲರ ಅಂಗೈಯಲ್ಲೂ ಬಂದು ಕೂತಿರುತ್ತದೆ, ಇದೇ ಕೊನೆ ಎಂದು ಹೇಳಬಲ್ಲವರು ಒಬ್ಬರೂ ಇರುವುದಿಲ್ಲ. ಈ ವಿದ್ಯೆಯ ಮೂಲ ನಿಯಮವೇ ಅದು. ಇದಕ್ಕೆ ಪಾಪ್ಯುಲೇಶನ್ ಪ್ರೋಟೋಕಾಲ್ ಎಂದು ಹೆಸರು. ಚಿಲ್ಲರೆ ನೆನಪಿನ, ಹೆಸರಿಲ್ಲದ, ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ತನಗೇ ಗೊತ್ತಿಲ್ಲದ ಪುಟ್ಟ ಯಂತ್ರಗಳ ಗುಂಪು ಸೇರಿ ಏನನ್ನು ಲೆಕ್ಕ ಹಾಕಬಲ್ಲದು ಎಂಬುದರ ಗಣಿತ.

ಇದು ಹುಟ್ಟಿದ ಹೊತ್ತು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆಗ ನಮ್ಮ ಕ್ಷೇತ್ರದ ತುಂಬ ಸೆನ್ಸರಿನ ಹುಚ್ಚು. ಬರ್ಕ್ಲಿಯಲ್ಲಿ ಕ್ರಿಸ್ ಪಿಸ್ಟರ್ 1990ರ ದಶಕದ ಕೊನೆಯಲ್ಲಿ ‘ಸ್ಮಾರ್ಟ್ ಡಸ್ಟ್’ ಎಂಬ ಮಾತು ಹಬ್ಬಿಸಿದ್ದರು: ಒಂದು ಘನ ಮಿಲಿಮೀಟರಿನಷ್ಟು ಚಿಕ್ಕ ಯಂತ್ರದಲ್ಲಿ ಸೆನ್ಸರ್, ಸಂಪರ್ಕ ಸಾಧನ, ಬ್ಯಾಟರಿ ಎಲ್ಲವೂ. ಕೈಗೆ ಬಂದದ್ದು ಧೂಳಿನಷ್ಟಲ್ಲ, ಬೆಂಕಿಪೊಟ್ಟಣದ ಅಳತೆಯ ‘ಮೋಟ್’ಗಳು. ಅವುಗಳಲ್ಲಿ ಓಡುವ ಕೆಲಸಕ್ಕೆ ಸಿಗುವ ನೆನಪು 4 ಕಿಲೋಬೈಟ್, ಅಂದರೆ ಈ ಲೇಖನದ ಒಂದೆರಡು ಪ್ಯಾರಾ ಮಾತ್ರ ಹಿಡಿಸುವಷ್ಟು. 2002ರ ಬೇಸಗೆಯಲ್ಲಿ ಅಮೆರಿಕದ ಮೇಯ್ನ್ ಕರಾವಳಿಯಾಚೆಯ ಗ್ರೇಟ್ ಡಕ್ ದ್ವೀಪದಲ್ಲಿ ಅಂಥ 32 ಮೋಟ್‌ಗಳನ್ನು ಇಟ್ಟರು. ಲೀಚ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ ನೆಲದೊಳಗೆ ಬಿಲ ತೋಡಿ ಗೂಡು ಮಾಡುತ್ತದೆ. ಮನುಷ್ಯ ಹತ್ತಿರ ಸುಳಿಯದೆ ಆ ಬಿಲದ ಬಿಸಿ, ತೇವ ಅಳೆಯುವುದು ಉದ್ದೇಶ. 2004ರ ಜನವರಿಯಲ್ಲಿ ಪ್ರಿನ್ಸ್‌ಟನ್ನಿನವರು ಕೀನ್ಯಾದ ಎಂಪಾಲಾದಲ್ಲಿ ಜೀಬ್ರಾಗಳ ಕೊರಳಿಗೆ ಪಟ್ಟಿ ಕಟ್ಟಿದರು. ಎರಡು ಜೀಬ್ರಾ ಹತ್ತಿರ ಬಂದಾಗ ಪಟ್ಟಿಗಳು ತಮ್ಮಲ್ಲಿದ್ದ ಮಾಹಿತಿಯನ್ನು ಹಂಚಿಕೊಳ್ಳುತ್ತಿದ್ದವು. ವಿಜ್ಞಾನಿ ಜೀಪಿನಲ್ಲಿ ಬಂದು ಯಾವುದೋ ಒಂದು ಜೀಬ್ರಾದ ಹತ್ತಿರ ಹೋದರೆ ಸಾಕು, ಹಲವು ಜೀಬ್ರಾಗಳ ಸುದ್ದಿ ಸಿಗುತ್ತಿತ್ತು.

ಅದೇ ಜನವರಿಯಲ್ಲಿ ‘ಕಂಪ್ಯೂಟರ್’ ಮಾಸಿಕ ಬಿಡಿಸಿದವಳು ದಂಗಾದೆ. ನಮ್ಮೂರು ಅದರೊಳಗಿತ್ತು! ನಾನು ದೊಡ್ಡಬಳ್ಳಾಪುರದ ಸೀಮೆಯವಳು, ಮಗ್ಗದ ಸದ್ದಿನಲ್ಲಿ ಬೆಳೆದವಳು. ಎಂ.ಐ.ಟಿ.ಯಿಂದ ಬಂದ ಪೆಂಟ್‌ಲಂಡ್, ಫ್ಲೆಚರ್, ಹ್ಯಾಸನ್ ಎಂಬ ಮೂವರು ‘ಡಾಕ್‌ನೆಟ್’ ಎಂಬ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ಡಾಕ್ ಎಂದರೆ ನಮ್ಮ ಅಂಚೆ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೇರಿದ್ದವು, ಆದರೆ ಕಂಪ್ಯೂಟರು ತಾಲೂಕು ಕಚೇರಿಯಲ್ಲಿತ್ತು, ರೈತ ಹಳ್ಳಿಯಲ್ಲಿದ್ದ. ನಡುವೆ ನೆಟ್ ಇಲ್ಲ. ಅದಕ್ಕೆ ಇವರು ಸರ್ಕಾರಿ ಬಸ್ಸಿನಲ್ಲಿ ಒಂದು ವೈಫೈ ಪೆಟ್ಟಿಗೆ ಇಟ್ಟರು. ಬಸ್ಸು ಹಳ್ಳಿಯ ಕಿಯಾಸ್ಕ್ ಮುಂದೆ ನಿಂತಾಗ ಪಹಣಿ ಬೇಕೆಂಬ ಅರ್ಜಿಗಳು ಪೆಟ್ಟಿಗೆ ಹತ್ತುತ್ತವೆ. ತಾಲೂಕು ತಲುಪಿದಾಗ ಇಳಿಯುತ್ತವೆ. ಮುಂದಿನ ಟ್ರಿಪ್ಪಿನಲ್ಲಿ ಪಹಣಿ ಬಂದು ಹಳ್ಳಿಯಲ್ಲೇ ಪ್ರಿಂಟಾಗುತ್ತದೆ, 15 ರೂಪಾಯಿ ಕೊಟ್ಟು ತೆಗೆದುಕೊಳ್ಳುವುದು. ಅಪ್ಪನಿಗೆ ಫೋನು ಮಾಡಿ, “ಬಸ್ಸಲ್ಲಿ ಪಹಣಿ ಬರ್ತದಂತೆ ಕಣಪ್ಪಾ” ಎಂದೆ. ಅಪ್ಪ ಎಷ್ಟೋ ಬೆಳಗ್ಗೆಗಳನ್ನು ಒಂದು ಪಹಣಿಗಾಗಿ ಕಚೇರಿಯ ಜಗುಲಿಯಲ್ಲಿ ಕಳೆದವನು. “ಬಸ್ಸು ಬರೋದೇ ಗ್ಯಾರಂಟಿ ಇಲ್ಲ ಕಣಮ್ಮಾ, ಇನ್ನು ಪಹಣಿ!” ಎಂದ.

ಅಪ್ಪನ ಮಾತಿನಲ್ಲಿ ಪಾಠವೂ ಇತ್ತು. ಬಸ್ಸು ಎಷ್ಟೇ ತಡವಾದರೂ ಅದಕ್ಕೊಂದು ಬೋರ್ಡಿದೆ, ದಾರಿಯಿದೆ, ಹೊರಟಲ್ಲಿಗೆ ಮರಳುತ್ತದೆ. ಜೀಬ್ರಾಗೆ ದಾರಿಯಿಲ್ಲದಿದ್ದರೂ ಪಟ್ಟಿಯೊಳಗೆ ಜಿ.ಪಿ.ಎಸ್. ಇದೆ, ತನ್ನದೇ ಗುರುತಿನ ಸಂಖ್ಯೆಯಿದೆ. ಇವೆರಡನ್ನೂ ಕಿತ್ತುಕೊಂಡರೆ? ದಾರಿ ಬೇಡ, ಹೆಸರು ಬೇಡ, ನೆನಪನ್ನೂ ಎಣಿಸುವಷ್ಟಕ್ಕೆ ಇಳಿಸಿದರೆ ಏನು ಉಳಿಯುತ್ತದೆ?

ಆ ಪ್ರಶ್ನೆ ಕೇಳಿದವರು ಯೇಲ್ ವಿಶ್ವವಿದ್ಯಾಲಯದ ಐವರು: ಡೇನಾ ಆಂಗ್ಲುಯಿನ್, ಜೇಮ್ಸ್ ಆಸ್ಪ್ನೆಸ್, ಜೋಯಿ ಡಯಮಾಡಿ, ಮೈಕೇಲ್ ಫಿಷರ್, ರೆನೆ ಪೆರಾಲ್ಟಾ. ಬೀಜ ಬಿದ್ದದ್ದು ಸ್ವಲ್ಪ ಮೊದಲೇ. 2001ರಲ್ಲಿ ಡಯಮಾಡಿ ಮತ್ತು ಫಿಷರ್ ಒಂದು ಚಿಕ್ಕ ಪ್ರಬಂಧ ಬರೆದಿದ್ದರು. ಪರಿಚಯವಿಲ್ಲದವರು ಇಬ್ಬಿಬ್ಬರಾಗಿ ಸಂಧಿಸುತ್ತ ಹೋದರೆ ನಂಬಿಕೆ ಹೇಗೆ ಹಬ್ಬುತ್ತದೆ ಎಂದು ನೋಡುವ ಒಂದು ಸರಳ ಆಟ. ಐವರ ಪ್ರಬಂಧ 2004ರ ಜುಲೈನಲ್ಲಿ ಕೆನಡಾದ ನ್ಯೂಫೌಂಡ್‌ಲಂಡಿನ ಸೇಂಟ್ ಜಾನ್ಸ್ ಊರಲ್ಲಿ ನಡೆದ ಸಮ್ಮೇಳನದಲ್ಲಿ ಮಂಡನೆಯಾಯಿತು.

ಅವರು ಕೊಟ್ಟ ಉದಾಹರಣೆ ಹಕ್ಕಿಗಳದ್ದು. ಒಂದು ಹಿಂಡಿನ ಪ್ರತಿ ಹಕ್ಕಿಗೂ ಮೈಬಿಸಿ ಅಳೆಯುವ ಪುಟ್ಟ ಸೆನ್ಸರ್ ಕಟ್ಟಿದೆ. ಹಿಂಡಿನಲ್ಲಿ ಕನಿಷ್ಠ ಐದು ಹಕ್ಕಿಗಳಿಗೆ ಜ್ವರ ಇದೆಯೇ? ಸೆನ್ಸರುಗಳು ಮಾತಾಡುವುದು ಎರಡು ಹಕ್ಕಿ ಪಕ್ಕಪಕ್ಕ ಬಂದಾಗ ಮಾತ್ರ. ಹಕ್ಕಿ ಎತ್ತ ಹಾರುತ್ತದೋ ಸೆನ್ಸರ್ ಅತ್ತ ಹೋಗುತ್ತದೆ, ಅದರ ಇಷ್ಟಾನಿಷ್ಟ ಕೇಳುವವರಿಲ್ಲ. ಇದನ್ನು ಮಾಡಲು ಸೊನ್ನೆಯಿಂದ ಐದರವರೆಗೆ ಎಣಿಸಬಲ್ಲ ನೆನಪಿದ್ದರೆ ಸಾಕು. ಜ್ವರದ ಹಕ್ಕಿ ಒಂದರಿಂದ ಶುರು, ಆರೋಗ್ಯದ ಹಕ್ಕಿ ಸೊನ್ನೆಯಿಂದ. ಎರಡು ಸಂಧಿಸಿದಾಗ ಒಂದು ತನ್ನದನ್ನೆಲ್ಲ ಇನ್ನೊಂದಕ್ಕೆ ಕೊಟ್ಟು ತಾನು ಸೊನ್ನೆಯಾಗುತ್ತದೆ. ಯಾವುದೋ ಒಂದರ ಬಳಿ ಐದು ಕೂಡಿತೋ, ಅದು ಡಂಗುರ ಶುರುಮಾಡುತ್ತದೆ. ಅದನ್ನು ಮುಟ್ಟಿದ್ದೆಲ್ಲ ಐದಾಗಿ, ಅವು ಮುಟ್ಟಿದ್ದೂ ಐದಾಗುತ್ತ ಇಡೀ ಹಿಂಡು ಐದು. ಹಿಂಡಿನಲ್ಲಿ ನೂರು ಹಕ್ಕಿ ಇರಲಿ, ಕೋಟಿ ಇರಲಿ, ಒಂದೊಂದರ ನೆನಪು ಆರೇ ಅಂಕಿ.

ನನಗೆ ಇನ್ನೂ ಇಷ್ಟವಾದದ್ದು ಮುಂದಿನ ಪ್ರಶ್ನೆ: ಹಿಂಡಿನ ನೂರಕ್ಕೆ ಐದರಷ್ಟಕ್ಕಾದರೂ ಜ್ವರವಿದೆಯೇ? ಇಲ್ಲಿ ಹಿಂಡಿನಲ್ಲಿ ಒಟ್ಟು ಎಷ್ಟು ಹಕ್ಕಿ ಎಂದೇ ಯಾರಿಗೂ ತಿಳಿಯದು, ಹಾಗಿರುವಾಗ ಶೇಕಡಾ ಲೆಕ್ಕ ಹೇಗೆ? ನಮ್ಮ ಸಂತೆಯ ಸಾಲದ ಲೆಕ್ಕದಂತೆ. ಜ್ವರದ ಹಕ್ಕಿಯ ಕೈಯಲ್ಲಿ 19 ರೂಪಾಯಿ ಜಮಾ, ಆರೋಗ್ಯದ ಹಕ್ಕಿಯ ಮೇಲೆ ಒಂದು ರೂಪಾಯಿ ಸಾಲ. ಸಂಧಿಸಿದಾಗೆಲ್ಲ ಜಮಾದಿಂದ ಸಾಲ ತೀರಿಸಿಕೊಳ್ಳುತ್ತ ಹೋಗುವುದು. ಇಪ್ಪತ್ತರಲ್ಲಿ ಒಂದು ಹಕ್ಕಿಗೆ ಜ್ವರವಿದ್ದರೆ ಜಮಾ-ಖರ್ಚು ಸರಿ, ಅದಕ್ಕಿಂತ ಕಡಿಮೆಯಾದರೆ ಕೊನೆಗೆ ಸಾಲವೇ ಉಳಿಯುತ್ತದೆ. ಹುಣಸೆಬೀಜದ ಆಟವೂ ಇದೇ ಲೆಕ್ಕ, ಅಲ್ಲಿ ಎರಡೂ ಕಡೆ ಒಂದೊಂದು ರೂಪಾಯಿ.

ಹಾಗಾದರೆ ಈ ಬಡಪಾಯಿಗಳು ಮಾಡಲಾರದ ಲೆಕ್ಕ ಯಾವುದು? ಉತ್ತರ ಹುಡುಕಲು ಐವರ ಪ್ರಬಂಧಕ್ಕಿಂತ ಎಪ್ಪತ್ತೈದು ವರ್ಷ ಹಿಂದಕ್ಕೆ, ವಾರ್ಸಾಕ್ಕೆ ಹೋಗಬೇಕು.

1929. ತರ್ಕಶಾಸ್ತ್ರದ ದೊಡ್ಡ ಹೆಸರಾಗಲಿದ್ದ ಆಲ್‌ಫ್ರೆಡ್ ಟಾರ್ಸ್ಕಿಯ ಶಿಷ್ಯರಲ್ಲಿ ಮೋಯ್ಜೆಶ್ ಪ್ರೆಸ್‌ಬರ್ಗರ್ ಎಂಬ ಯಹೂದಿ ಹುಡುಗ, ವಯಸ್ಸು 25ರ ಆಸುಪಾಸು. ಕೂಡುವುದೊಂದನ್ನೇ ಬಲ್ಲ, ಗುಣಿಸಲಾರದ ಅಂಕಗಣಿತವೊಂದನ್ನು ಆತ ಕೈಗೆತ್ತಿಕೊಂಡ. ಅದರಲ್ಲಿ ಬರೆಯಬಹುದಾದ ಯಾವುದೇ ಹೇಳಿಕೆ ನಿಜವೋ ಸುಳ್ಳೋ ಎಂದು ಯಂತ್ರದ ಹಾಗೆ ತೀರ್ಮಾನಿಸುವ ದಾರಿಯಿದೆ ಎಂದು ತೋರಿಸಿದ. ಎರಡು ವರ್ಷ ಕಳೆದು ತರ್ಕಶಾಸ್ತ್ರಜ್ಞ ಗೋಡೆಲ್ ಬಂದು, ಗುಣಾಕಾರವನ್ನೂ ಸೇರಿಸಿಕೊಂಡರೆ ಈ ನೆಮ್ಮದಿ ಇರುವುದಿಲ್ಲ, ನಿಜವಾಗಿದ್ದೂ ಸಾಧಿಸಲಾಗದ ಹೇಳಿಕೆಗಳು ಉಳಿದೇ ಉಳಿಯುತ್ತವೆ ಎಂದು ತೋರಿಸಿದ್ದರಿಂದ ಜಗತ್ತು ಅವನನ್ನು ಕೊಂಡಾಡಿತು. ಗಣಿತ ಸಾಕಪ್ಪಾ ಎನಿಸುವಷ್ಟು ಸಲ ನಾನು ಗೋಡೆಲ್ ಬಗ್ಗೆ ಭಾಷಣ ಕೇಳಿದ್ದೇನೆ. ಪ್ರೆಸ್‌ಬರ್ಗರ್ ಬಗ್ಗೆ ಒಂದೂ ಕೇಳಿಲ್ಲ. ಆತ ವಿಮೆ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. 1943ರ ಸುಮಾರಿಗೆ ನಾಜಿಗಳ ನರಮೇಧದಲ್ಲಿ ಸತ್ತ. ಹೆಸರು ಉಳಿದಿರುವುದು ‘ಪ್ರೆಸ್‌ಬರ್ಗರ್ ಅಂಕಗಣಿತ’ ಎಂಬ ಎರಡು ಪದಗಳಲ್ಲಿ.

ಆ ಎರಡು ಪದಗಳ ಮುಂದಿನ ಪಯಣ ಸ್ವಾರಸ್ಯದ್ದು. 1954ರಲ್ಲಿ ಪ್ರಿನ್ಸ್‌ಟನ್ನಿನ ವ್ಯಾಕ್ಯೂಮ್ ಟ್ಯೂಬಿನ ಕಂಪ್ಯೂಟರಿಗೆ ಮಾರ್ಟಿನ್ ಡೇವಿಸ್ ಈ ವಿಧಾನವನ್ನು ಕಲಿಸಿದರು. ಕೋಣೆ ತುಂಬುವ ಆ ಯಂತ್ರ ಬೆವರು ಸುರಿಸಿ ಸಾಧಿಸಿದ ಮಹಾಸತ್ಯ: ಎರಡು ಸಮಸಂಖ್ಯೆಗಳನ್ನು ಕೂಡಿದರೆ ಸಮಸಂಖ್ಯೆ ಬರುತ್ತದೆ. ಅಷ್ಟು ಸುಸ್ತೇಕೆ ಎಂಬುದು ತಿಳಿದದ್ದು 1974ರಲ್ಲಿ. ಹೇಳಿಕೆ ಸ್ವಲ್ಪ ಉದ್ದವಾದರೂ ಸಾಕು, ಅದನ್ನು ತೀರ್ಮಾನಿಸಲು ಬೇಕಾದ ಹೆಜ್ಜೆಗಳು ಘಾತದ ಮೇಲೆ ಘಾತವೇರುತ್ತವೆ, ಯಾವ ಜಾಣತನದಿಂದಲೂ ಅದನ್ನು ತಪ್ಪಿಸಲಾಗದು ಎಂದು ಇಬ್ಬರು ಸಾಧಿಸಿದರು. ಒಬ್ಬರು ಮೈಕೇಲ್ ರಾಬಿನ್. ಇನ್ನೊಬ್ಬರು ಮೈಕೇಲ್ ಫಿಷರ್.

ಹೌದು, ಹಕ್ಕಿಗಳ ಅದೇ ಫಿಷರ್.

2004ರ ಪ್ರಬಂಧದಲ್ಲಿ ಐವರು ತೋರಿಸಿದ್ದು, ಪ್ರೆಸ್‌ಬರ್ಗರನ ಭಾಷೆಯಲ್ಲಿ ಬರೆಯಬಹುದಾದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಡುವ ಹಿಂಡನ್ನು ಕಟ್ಟಬಹುದು ಎಂದು. ಅದಕ್ಕಿಂತ ಹೆಚ್ಚಿನದೂ ಸಾಧ್ಯವೇ ಎಂಬುದು ಆಗ ಬಿಡಿಸದ ಗಂಟು. ಎರಡು ವರ್ಷಗಳ ಮೇಲೆ, 2006ರಲ್ಲಿ, ಆಂಗ್ಲುಯಿನ್, ಆಸ್ಪ್ನೆಸ್ ಮತ್ತು ಡೇವಿಡ್ ಐಸೆನ್‌ಸ್ಟಾಟ್ ಆ ಗಂಟು ಬಿಚ್ಚಿದರು. ಇಲ್ಲ, ಒಂದು ಎಳೆಯಷ್ಟೂ ಹೆಚ್ಚಿಲ್ಲ. ಹಿಂಡಿನ ಶಕ್ತಿ ಎಷ್ಟೋ ಪ್ರೆಸ್‌ಬರ್ಗರ್ ಅಂಕಗಣಿತವೂ ಅಷ್ಟೇ. ಕಪ್ಪು ಬಿಳಿಗಿಂತ ಹೆಚ್ಚೇ, ಎರಡರಷ್ಟಿದೆಯೇ, ಒಟ್ಟನ್ನು ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆಯೇ, ಇವೆಲ್ಲ ಸಾಧ್ಯ. ಕಪ್ಪಿನ ಸಂಖ್ಯೆ ಬಿಳಿಯ ವರ್ಗವೇ, ಹಿಂಡಿನ ಸಂಖ್ಯೆ ಅವಿಭಾಜ್ಯವೇ, ಇವು ಎಂದೆಂದಿಗೂ ಅಸಾಧ್ಯ. ಗುಣಾಕಾರ ಬಂದಲ್ಲಿ ಹಕ್ಕಿಗಳು ಕೈಚೆಲ್ಲುತ್ತವೆ. ಈ ಗಡಿರೇಖೆಗೆ ಗಣಿತದಲ್ಲಿ ‘ಸೆಮಿಲೀನಿಯರ್’ ಎಂಬ ಇನ್ನೊಂದು ಹೆಸರಿದೆ. ಆ ಹೆಸರನ್ನು ಪಠ್ಯಪುಸ್ತಕಗಳಲ್ಲಿ ಗಟ್ಟಿಮಾಡಿದ ಪ್ರಮೇಯಗಳಲ್ಲೊಂದು ಗುಜರಾತಿನ ಪಾಲನ್‌ಪುರದಲ್ಲಿ ಹುಟ್ಟಿದ ರೋಹಿತ್ ಪಾರಿಖ್ ಅವರದ್ದು, ಭಾಷೆಗಳ ವ್ಯಾಕರಣದ ಬಗ್ಗೆ 1960ರ ದಶಕದಲ್ಲಿ ಮಾಡಿದ ಕೆಲಸ. ಅವರ ತಲೆಯಲ್ಲಿ ಹಕ್ಕಿ ಇರಲಿಲ್ಲ, ವಿಮೆ ಕಚೇರಿಗೆ ಹೋಗುತ್ತಿದ್ದ ಪ್ರೆಸ್‌ಬರ್ಗರನ ತಲೆಯಲ್ಲೂ ಇರಲಿಲ್ಲ.

ಇದನ್ನು ಹೇಳುವಾಗ ಕ್ಲಾಸಿನಲ್ಲಿ ಯಾರಾದರೂ ಕೈಯೆತ್ತುತ್ತಿದ್ದರು: ದೊಡ್ಡ ಕಂಪ್ಯೂಟರಿಗೇ ಕಷ್ಟವಾದ ಪ್ರೆಸ್‌ಬರ್ಗರ್ ಲೆಕ್ಕ ಹಕ್ಕಿಗೆ ಹೇಗೆ ಸಲೀಸಾಯಿತು? ಎರಡೂ ಬೇರೆ ಕೆಲಸ. ಯಾವ ಹೇಳಿಕೆ ಕೊಟ್ಟರೂ ಅದರ ಸತ್ಯಾಸತ್ಯ ಹೇಳು ಎಂಬುದು ದೊಡ್ಡ ಕಂಪ್ಯೂಟರಿಗೆ ಕೊಟ್ಟ ಕೆಲಸ. ಹಕ್ಕಿಗೆ ಕೊಟ್ಟದ್ದು ಒಂದೇ ಪ್ರಶ್ನೆ, ಅದನ್ನೂ ನಾವೇ ಮೊದಲು ಅರೆದು ನಿಯಮವಾಗಿ ಮಾಡಿ ಕುಡಿಸಿದ್ದು. ಅರೆಯುವ ಕಷ್ಟವೆಲ್ಲ ನಮ್ಮದು. ಆ ಕಷ್ಟ ಎಷ್ಟೆಂದರೆ, ಕೊಟ್ಟ ನಿಯಮಗಳು ಎಲ್ಲ ಗಾತ್ರದ ಹಿಂಡಿನಲ್ಲೂ ಒಂದೇ ಉತ್ತರಕ್ಕೆ ನಿಲ್ಲುತ್ತವೆಯೇ ಎಂದು ಪರೀಕ್ಷಿಸುವ ವಿಧಾನ ಉಂಟೆಂದು ತಿಳಿದದ್ದೇ 2015ರಲ್ಲಿ. ಅದನ್ನು ತೋರಿಸಿದ ನಾಲ್ವರಲ್ಲಿ ರೂಪಕ್ ಮಜುಮ್‌ದಾರ್ ಒಬ್ಬರು. ವಿಧಾನ ಇದೆ, ಆದರೆ ಅದು ತಿನ್ನುವ ಸಮಯಕ್ಕೆ ಮಿತಿಯಿಲ್ಲವೆಂದೇ ಹೇಳಬೇಕು. ಅಂಗೈಯಲ್ಲಿ ಬರೆದುಕೊಳ್ಳಬಹುದಾದ ಮೂರು ನಿಯಮ ನನ್ನನ್ನು ಕ್ಲಾಸಿನಲ್ಲಿ ಪೇಚಿಗೆ ಸಿಕ್ಕಿಸಿದ್ದರಲ್ಲಿ ನನ್ನ ತಪ್ಪೊಂದೇ ಇರಲಿಲ್ಲ.

ಗಡಿ ಗೊತ್ತಾದ ಮೇಲೆ ಜನ ಹೆಚ್ಚಿನ ಶಕ್ತಿಯ, ವೇಗದ ಹಿಂದೆ ಬಿದ್ದರು. ಗ್ರೀಸಿನವರು ಪ್ರತಿ ಜೋಡಿಯ ನಡುವೆಯೂ ಒಂದಿಷ್ಟು ನೆನಪು ಇಟ್ಟು ನೋಡಿದರು, ಇನ್ನು ಕೆಲವರು ಹಕ್ಕಿಯ ನೆನಪನ್ನು ಹಿಂಡಿನೊಂದಿಗೆ ಬೆಳೆಸಿ ನೋಡಿದರು. ಅವೆಲ್ಲ ಈಗ ಬೇಡ. ಒಂದು ಮಾತು ಮಾತ್ರ ಹೇಳಬೇಕು. ಹಿಂಡಿಗೊಬ್ಬ ನಾಯಕ ಇದ್ದರೆ ಲೆಕ್ಕ ಬಲು ಬೇಗ ಮುಗಿಯುತ್ತದೆ ಎಂದು 2006ರಲ್ಲೇ ಗೊತ್ತಾಗಿತ್ತು. ಆ ನಾಯಕನನ್ನು ಆರಿಸುವುದು ಹೇಗೆ? ಎಲ್ಲರೂ ನಾಯಕರೇ ಎಂದು ಶುರುಮಾಡಿ, ಇಬ್ಬರು ನಾಯಕರು ಎದುರಾದಾಗ ಒಬ್ಬ ರಾಜೀನಾಮೆ ಕೊಡುವುದು. ಮೊದಮೊದಲು ರಾಜೀನಾಮೆಗಳ ಸುರಿಮಳೆ. ಕೊನೆಗೆ ಉಳಿದ ಇಬ್ಬರು ಎದುರಾಗುವುದೇ ಕಷ್ಟ. 58 ಜನರಲ್ಲಿ 1,653 ಜೋಡಿಗಳಿವೆ, ಆ ಇಬ್ಬರದು ಅದರಲ್ಲಿ ಒಂದು. ಹಕ್ಕಿಯ ನೆನಪು ಇಷ್ಟೇ ಎಂದು ನಿಗದಿಯಾಗಿರುವ ತನಕ ಇದಕ್ಕಿಂತ ಚುರುಕಾದ ಉಪಾಯ ಇರಲಾರದೆಂದು ಡೇವಿಡ್ ಡೋಟಿ ಮತ್ತು ಡೇವಿಡ್ ಸೊಲೊವೈಚಿಕ್ 2015ರಲ್ಲಿ ಸಾಧಿಸಿದರು.

ಅದನ್ನು ಓದಿದಾಗ ನನಗೆ ನೆನಪಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ನೋಡಿದ ರೋಪಲೀಡಿಯಾ ಮಾರ್ಜಿನೇಟಾ ಎಂಬ ಕಣಜ, ಕಾಗದದಂಥ ಗೂಡು ಕಟ್ಟುವಂಥದ್ದು. ಅದರ ರಾಣಿ ಸಾಧು ಪ್ರಾಣಿ. ಅದನ್ನು ಗೂಡಿನಿಂದ ತೆಗೆದರೆ ನಿಮಿಷಗಳಲ್ಲೇ ಕೆಲಸಗಾರ ಕಣಜವೊಂದು ಇದ್ದಕ್ಕಿದ್ದಂತೆ ರೇಗಾಡಲು ತೊಡಗುತ್ತದೆ, ಮುಂದಿನ ರಾಣಿ ಅದೇ. ಉಳಿದವು ಜಗಳ ತೆಗೆಯುವುದಿಲ್ಲ. ಉತ್ತರಾಧಿಕಾರಿ ಯಾರೆಂದು ನಮಗೆ ಮೊದಲೇ ತಿಳಿಯದು, ಕಣಜಗಳಿಗೆ ತಿಳಿದಿರುತ್ತದೆ ಎಂದು ಅವರ ತಂಡ 2008ರಲ್ಲಿ ಪ್ರಕಟಿಸಿತು. ಕಣಜಗಳಿಗೆ ಹೆಸರಿಲ್ಲದಿದ್ದರೂ ಗುರುತಿದೆ ಎಂದಾಯಿತು. ಯೇಲಿನ ಹಕ್ಕಿಗಳಿಗೆ ಅದೂ ಇಲ್ಲ.

ಇನ್ನು ಆ ಹಕ್ಕಿಗಳ ಕತೆ. ನನ್ನ ಲೆಕ್ಕದಲ್ಲಿ ಅವು ಈ ಇತಿಹಾಸದ ಅತ್ಯಂತ ನಿರುಪಯೋಗಿ ಭಾಗ. ಸೆನ್ಸರುಗಳು ಅಗ್ಗವಾದವು, ನೆನಪು ಹೆಚ್ಚಿತು, ಮೊಬೈಲ್ ಟವರು ಎಲ್ಲೆಡೆ ಬಂತು, ನಮ್ಮೂರಿನ ಪಹಣಿ ಈಗ ಫೋನಿನಲ್ಲೇ ಸಿಗುತ್ತದೆ. ಅಷ್ಟು ಬಡತನದ ಯಂತ್ರ ಯಾರಿಗೂ ಬೇಡವಾಯಿತು. ಮಾದರಿ ಮಾತ್ರ ಬದುಕಿಕೊಂಡಿತು, ಏಕೆಂದರೆ ಹೆಸರಿಲ್ಲದೆ, ನೆನಪಿಲ್ಲದೆ, ಎತ್ತಲೆತ್ತಲೋ ತೇಲುತ್ತ ಇಬ್ಬಿಬ್ಬರಾಗಿ ಡಿಕ್ಕಿ ಹೊಡೆಯುವವರು ಬೇರೆ ಕಡೆ ಆಗಲೇ ಇದ್ದರು: ಅಣುಗಳು.

2007ರಲ್ಲಿ ಆಂಗ್ಲುಯಿನ್, ಆಸ್ಪ್ನೆಸ್, ಐಸೆನ್‌ಸ್ಟಾಟ್ ಬಹುಮತಕ್ಕೆ ಇನ್ನೂ ಸರಳವಾದ ಆಟವೊಂದನ್ನು ಕೊಟ್ಟರು. ಎಡಗೈ ಬಲಗೈ ಬೇಡ. ಕಪ್ಪು ಬಿಳಿ ಎದುರಾದರೆ ಒಬ್ಬರು ಬೀಜವನ್ನು ಜೇಬಿಗೆ ಹಾಕಿಕೊಂಡು ಬರಿಗೈಯಾಗಬೇಕು. ಬರಿಗೈಯವರು ಬಣ್ಣದವರನ್ನು ಕಂಡರೆ ಜೇಬಿನಿಂದ ತೆಗೆದು ಅದೇ ಬಣ್ಣ ಹಿಡಿಯಬೇಕು. ನನ್ನ ಕ್ಲಾಸಿನಲ್ಲಿ ಐದಾರು ನಿಮಿಷಕ್ಕೆ ಎಲ್ಲ ಕೈಗಳೂ ಒಂದೇ ಬಣ್ಣ. ಅಂತರ ಚೆನ್ನಾಗಿದ್ದರೆ ಉತ್ತರ ಬಹುತೇಕ ಸರಿ, ಒಂದೆರಡು ಮತದ ಅಂತರವಾದರೆ ತಪ್ಪೂ ಆಗಬಹುದು. ಸುತ್ತಲಿನ ನಾಲ್ಕಾರು ಜನ ಮೋಸ ಮಾಡಿದರೂ ಕೆಡುವುದಿಲ್ಲ. ಖಚಿತತೆಯನ್ನು ಕೊಟ್ಟು ವೇಗ ಕೊಂಡಂಥ ವ್ಯಾಪಾರ.

ಐದು ವರ್ಷದ ನಂತರ, 2012ರಲ್ಲಿ, ಲೂಕಾ ಕಾರ್ಡೆಲ್ಲಿ ಮತ್ತು ಅಟಿಲಾ ಚಿಕಾಸ್-ನಾಗಿ ಒಂದು ಪ್ರಬಂಧದಲ್ಲಿ ಈ ಬರಿಗೈ ಆಟ ನಮ್ಮ ಮೈಯೊಳಗೇ ನಡೆಯುತ್ತಿದೆ ಎಂದರು. ಜೀವಕೋಶವೊಂದು ಎರಡಾಗಬೇಕೋ ಬೇಡವೋ ಎಂದು ತೀರ್ಮಾನಿಸುವ ಸ್ವಿಚ್ ಇದೆ. ಅದರ ಪ್ರೋಟೀನುಗಳ ಒಳಜಾಲವನ್ನು ಬಿಡಿಸಿ ನೋಡಿದರೆ ಅದು ಮಾಡುವ ಲೆಕ್ಕ ಇದೇ ಎಂದು. ಆ ಜಾಲದ ಒಂದು ಮುಖ್ಯ ಪ್ರೋಟೀನಿನ ಹೆಸರು ‘ವೀ1’. ಪಾಲ್ ನರ್ಸ್ 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಯೀಸ್ಟ್ ನೋಡುತ್ತಿದ್ದಾಗ, ಬೆಳೆಯುವ ಮೊದಲೇ ಒಡೆದು ಪುಟಾಣಿಯಾಗಿ ಉಳಿಯುವ ಕೋಶಗಳು ಕಂಡವು. ಸ್ಕಾಟ್‌ಲಂಡಿನವರ ಬಾಯಲ್ಲಿ ‘ವೀ’ ಎಂದರೆ ಪುಟ್ಟದು. ನಾವಾದರೆ ‘ಚೋಟು’ ಎನ್ನುತ್ತಿದ್ದೆವೋ ಏನೋ. ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು. 2013ರಲ್ಲಿ ಇನ್ನೊಂದು ತಂಡ ಅದೇ ಬಹುಮತದ ಆಟವನ್ನು ಡಿ.ಎನ್.ಎ. ಎಳೆಗಳಿಂದ ನಳಿಕೆಯಲ್ಲಿ ಆಡಿಸಿ ತೋರಿಸಿತು. ತೇಯ್ದ ಹುಣಸೆಬೀಜದ ಬದಲು ಡಿ.ಎನ್.ಎ. ತುಣುಕು, 58 ಹುಡುಗರ ಬದಲು ಎಣಿಸಲಾಗದಷ್ಟು ಅಣುಗಳು.

ವಿತರಿತ ಗಣನೆಯ ಕ್ಷೇತ್ರದಲ್ಲಿ ದೊಡ್ಡದೆನಿಸುವ ಡೈಕ್‌ಸ್ಟ್ರಾ ಪ್ರಶಸ್ತಿ ಯೇಲಿನ ಐವರಿಗೆ ಸಿಕ್ಕದ್ದು 2020ರಲ್ಲಿ. ಇಟಲಿಯ ಸಲೆರ್ನೋದಲ್ಲಿ ಆಗಬೇಕಿದ್ದ ಸಮ್ಮೇಳನ ಕೊರೊನಾದಿಂದ ಆನ್‌ಲೈನಿಗೆ ಹೋಯಿತು. ಇಬ್ಬರು ಮುಖಾಮುಖಿ ಬಂದರೆ ಮಾತ್ರ ನಡೆಯುವ ಲೆಕ್ಕಕ್ಕೆ ಯಾರೂ ಯಾರನ್ನೂ ಕಾಣದ ವರ್ಷ ಬಹುಮಾನ! ನಾನೂ ಆ ವರ್ಷ ಕ್ಯಾಮೆರಾದ ಮುಂದೆ ಕೂತು ಪಾಠ ಹೇಳುತ್ತಿದ್ದೆ. ಹಾರ್ಲಿಕ್ಸ್ ಬಾಟಲಿಯನ್ನು ಎತ್ತಿ ತೋರಿಸಿದೆ, ಬೀಜ ಹಂಚುವ ಹಾಗಿರಲಿಲ್ಲ. ಪರದೆಯ ತುಂಬ ಹೆಸರು ಬರೆದ ಕಪ್ಪು ಚೌಕಗಳು. ನಿಯಮಕ್ಕೆ ನೇರ ಉಲ್ಟಾ: ಹೆಸರಿದೆ, ಮುಖಾಮುಖಿ ಇಲ್ಲ. ಆ ಬ್ಯಾಚಿನವರಿಗೆ ಈ ಪಾಠ ಅರ್ಥವಾಗಲೇ ಇಲ್ಲ ಎಂಬುದು ಉತ್ತರಪತ್ರಿಕೆ ತಿದ್ದುವಾಗ ಗೊತ್ತಾಯಿತು.

ಮನೆಯಲ್ಲಿ ಮದುವೆಯೋ ನಾಮಕರಣವೋ ಇದ್ದಾಗ, ಊಟದ ಎಲೆ ಹಾಕುವ ಮುಂಚೆ ಒಂದರ್ಧ ಗಂಟೆ ಸಿಕ್ಕರೆ ನೀವೂ ಆಡಿಸಿ ನೋಡಿ. ಪಾಯಸವೋ ಹೋಳಿಗೆಯೋ ಎಂದು ಕೇಳಿದರಾಯಿತು. ಮೊದಲ ಎರಡು ನಿಯಮ ಸಾಕು, ಮೂರನೆಯದರ ಗೊಡವೆಗೆ ಹೋಗಬೇಡಿ. ಬೀಜವನ್ನು ಕೊಂಚ ಒರಟಾದ ಕಲ್ಲಿನ ಮೇಲೆ, ನೀರು ಚಿಮುಕಿಸಿ ತೇಯಬೇಕು. ಆಡುವವರ ತಲೆ ಎಣಿಸಿ, ಬೆಸ ಸಂಖ್ಯೆ ಇರುವಂತೆ ನೋಡಿಕೊಳ್ಳಿ.